ಮಾವ ಕೂತಿದ್ದ ಮೂಟೆ

ಎಲ್ಲ ಶುರುವಾದದ್ದು ಮಾವನ ಬೆನ್ನಿನಿಂದ.

ಮೂರು ತಿಂಗಳ ಹಿಂದೆ ಮಗಳ ಮನೆಗೆ ಬಂದಿಳಿದ ಮಾವನಿಗೆ ಆ ಮನೆಯಲ್ಲಿ ಕೂರಲು ಒಂದು ಜಾಗ ಸಿಗಲಿಲ್ಲ. ಮರದ ಕುರ್ಚಿ ಒತ್ತುತ್ತಿತ್ತು, ಪ್ಲಾಸ್ಟಿಕ್ ಕುರ್ಚಿ ಜಾರುತ್ತಿತ್ತು, ಸೋಫಾ ಅವರನ್ನು ಅರ್ಧಕ್ಕೆ ನುಂಗಿ ಹಿಡಿದುಕೊಳ್ಳುತ್ತಿತ್ತು. "ಮಗಳನ್ನ ಕೊಟ್ಟು ಹನ್ನೊಂದು ವರ್ಷ ಆಯ್ತು. ಕೂರೋಕೆ ಒಂದು ಗತಿ ಇಲ್ಲ ಈ ಮನೇಲಿ" ಎಂದು ಅವರು ಹಾಲಿನ ನಟ್ಟನಡುವೆ ನಿಂತು, ಮೂರನೇ ಮನೆಗೂ ಕೇಳುವಂತೆ ನರಳುತ್ತಿದ್ದರು.

ಅಳಿಯ ಕೆಲಸ ಮಾಡುತ್ತಿದ್ದದ್ದು ಹಳೆಯ ಬಸ್ಸು, ರೈಲುಡಬ್ಬಿಗಳಿಗೆ ಹೊಸ ಬಣ್ಣ ಹಚ್ಚುವ ವರ್ಕ್‌ಶಾಪಿನಲ್ಲಿ. ಹಚ್ಚುವವರು ಬೇರೆ, ಹಳೆಯ ಬಣ್ಣ ಸುಲಿಯುವವನು ಇವನು. ತೆಳು ತಗಡಿಗೆ ಮರಳು ಬಡಿದರೆ ತಗಡೇ ತೂತಾಗುತ್ತದೆಂದು ಅಲ್ಲಿ ಸಕ್ಕರೆ ಹರಳಿನಷ್ಟು ದಪ್ಪದ ಪ್ಲಾಸ್ಟಿಕ್ ಕಾಳುಗಳನ್ನು ಪೈಪಿನಿಂದ ಜೋರು ಗಾಳಿಯಲ್ಲಿ ಬಡಿಯುತ್ತಿದ್ದರು. ಬಣ್ಣ ಸಿಪ್ಪೆಸಿಪ್ಪೆಯಾಗಿ ಎದ್ದು ಬರುತ್ತಿತ್ತು. ಹಾಗಾಗಿ ಎಲ್ಲರಿಗೂ ಅವನು ಸಿಪ್ಪೆ ಮೇಸ್ತ್ರಿ. ಬಡಿದು ಬಡಿದು ಕಾಳುಗಳೂ ಸವೆದು ಹಿಟ್ಟಾಗುತ್ತಿದ್ದವು. ಆ ಹಿಟ್ಟನ್ನು ಗೋಡೆಯಾಚೆಯ ಯಂತ್ರವೊಂದು ಹೀರಿ ಡ್ರಮ್ಮಿಗೆ ತುಂಬುತ್ತಿತ್ತು. ಸಂಜೆ ಡ್ರಮ್ಮು ಖಾಲಿ ಮಾಡುವುದೂ ಮೇಸ್ತ್ರಿಯ ಪಾಲಿನದೇ.

ಒಂದು ಮಧ್ಯಾಹ್ನ ಊಟವಾದ ಮೇಲೆ ಆ ಹಿಟ್ಟಿನ ಮೂಟೆಗೆ ಸುಮ್ಮನೆ ಒರಗಿದವನು ಹಾಗೇ ನಿದ್ದೆ ಹೋದ. ಎದ್ದಾಗ ಬೆನ್ನು ಹೂವಾಗಿತ್ತು. ಮೂಟೆಯಲ್ಲಿ ಅವನ ಬೆನ್ನಿನ ಅಚ್ಚು ಬಿದ್ದಿತ್ತು, ಹೇಳಿ ಮಾಡಿಸಿದ ಹಾಗೆ. ತಕ್ಷಣ ಅವನಿಗೆ ಮಾವ ನೆನಪಾದರು.

ಅಂದಿನಿಂದ ದಿನಾ ಸಂಜೆ ಊಟದ ಚೀಲದ ತುಂಬ ಹಿಟ್ಟು ಮನೆಗೆ ಬಂತು. ಹೆಂಡತಿ ಹಳೆಯ ಪರದೆ ಬಟ್ಟೆಯಲ್ಲಿ ದೊಡ್ಡದೊಂದು ಗೌಸು ಹೊಲಿದಳು. "ಏನ್ರೀ ಇದು?" ಎಂದದ್ದಕ್ಕೆ "ಫಾರಿನ್ ಪುಡಿ. ಬೆನ್ನಿಗೆ ಅಂತಲೇ ಮಾಡಿರೋದು" ಎಂದ. ಮೂಟೆ ತುಂಬಿದ ದಿನ ಮಾವ ಅನುಮಾನದಿಂದಲೇ ಅದರ ಮೇಲೆ ಇಳಿದರು. ಇಳಿದವರು ಕಣ್ಣು ಮುಚ್ಚಿದರು. ಆಮೇಲೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ, "ಪರವಾಗಿಲ್ಲ ಅಳಿಯಂದಿರು" ಎಂದರು. ಆ ರಾತ್ರಿ ಮೇಸ್ತ್ರಿಗೆ ಸಂತೋಷಕ್ಕೆ ಅನ್ನ ಇಳಿಯಲಿಲ್ಲ. ಮೂಟೆ ಕುಗ್ಗಿದ ಹಾಗೆಲ್ಲ ತುಂಬುವುದಕ್ಕೆ ಚೀಲಗಳು ಬರುತ್ತಲೇ ಇದ್ದವು.

ಹೀಗಿರುವಾಗ ಒಂದು ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಎಲ್ಲರನ್ನೂ ಊಟದ ಹಾಲಿಗೆ ಕರೆದರು. ಸೇಫ್ಟಿ ಆಫೀಸರು ಮೇಜಿನ ಮೇಲೆ ಖಾಲಿ ಡಬ್ಬವೊಂದನ್ನು ಇಟ್ಟುಕೊಂಡು ನಿಂತಿದ್ದರು. ಡಬ್ಬದೊಳಗೆ ಪುಟ್ಟ ಮೇಣದಬತ್ತಿ ಉರಿಯುತ್ತಿತ್ತು. ಕೈಯಲ್ಲಿ ಒಂದು ರಬ್ಬರ್ ಪೈಪು, ಒಂದು ಚಮಚ.

"ಇದೇನು ಗೊತ್ತೇನ್ರಪ್ಪ?" ಎಂದು ಚಮಚ ಎತ್ತಿ ತೋರಿಸಿದರು.

"ನಮ್ಮ ಸಿಪ್ಪೆ ಮೇಸ್ತ್ರಿ ಹಿಟ್ಟು ಸಾರ್" ಎಂದು ಯಾರೋ ಹಿಂದಿನಿಂದ ಕೂಗಿದರು. ಎಲ್ಲರೂ ನಕ್ಕರು. ಮೇಸ್ತ್ರಿಯೂ ಹೆಮ್ಮೆಯಿಂದ ನಕ್ಕ.

"ನಗಿ. ಇದು ಕಾಳಾಗಿದ್ದಾಗ ಸಾಧು. ಸವೆದು ಹಿಟ್ಟಾದಾಗಲೂ, ಅಲುಗಾಡದೆ ರಾಶಿ ಬಿದ್ದಿದ್ರೆ ಅಷ್ಟೇನೂ ಭಯ ಇಲ್ಲ. ಆದರೆ ಒಂದು ಸಲ ಗಾಳಿಗೆ ಎದ್ದು, ರೂಮಿನ ಬಾಗಿಲು ಮುಚ್ಚಿದ್ದು, ಎಲ್ಲಿಂದಲೋ ಒಂದೇ ಒಂದು ಕಿಡಿ ಬಿತ್ತು ಅಂದ್ರೆ..." ಆಫೀಸರು ಚಮಚದ ಹಿಟ್ಟನ್ನು ಪೈಪಿಗೆ ಸುರಿದು, ಪೈಪಿನ ಒಂದು ತುದಿಯನ್ನು ಡಬ್ಬದ ಬುಡದ ತೂತಿಗೆ ಸಿಕ್ಕಿಸಿ, ಡಬ್ಬದ ಮುಚ್ಚಳ ಒತ್ತಿ, ಇನ್ನೊಂದು ತುದಿಯಿಂದ ಉಫ್ ಎಂದು ಊದಿದರು.

ಢಮ್!

ಮುಚ್ಚಳ ಸೂರಿಗೆ ಹೋಗಿ ಬಡಿದು, ಗಾರೆಯ ಚೂರನ್ನು ಕಿತ್ತುಕೊಂಡು, ಟೈಪಿಸ್ಟಮ್ಮನ ಕಾಫಿ ಲೋಟದೊಳಕ್ಕೆ ಬಂದು ಬಿತ್ತು.

"ಒಂದು ಚಮಚ" ಎಂದರು ಆಫೀಸರು. "ಬೀಡಿ ಸಿಗರೇಟು ಬೇಡ, ಸ್ವಿಚ್ ಒತ್ತಿದಾಗಿನ ಕಿಡಿ ಸಾಕು. ನೈಲಾನ್ ಶರ್ಟ್ ಬಿಚ್ಚುವಾಗ ಚಟಚಟ ಅನ್ನುತ್ತಲ್ಲ, ಆ ಕಿಡಿ ಕೂಡ ಕೆಲವು ಸಲ ಸಾಕು. ಅದಕ್ಕೇ ಹೇಳೋದು, ಧೂಳನ್ನ ಎಬ್ಬಿಸಬೇಡಿ, ಪೊರಕೇಲಿ ಗುಡಿಸಬೇಡಿ, ನೆನೆಸಿ ಒರೆಸಿ."

ಮೇಸ್ತ್ರಿಯ ನಗು ಮುಖದ ಮೇಲೆಯೇ ಒಣಗಿಹೋಯಿತು. ಒಂದು ಚಮಚಕ್ಕೆ ಒಂದು ಮುಚ್ಚಳ. ಒಂದು ಊಟದ ಚೀಲಕ್ಕೆ ಎಷ್ಟು ಚಮಚ? ಮಾವನ ಮೂಟೆಗೆ ಎಷ್ಟು ಚೀಲ? ಮಾವ ಎಷ್ಟು ಮುಚ್ಚಳದ ತೂಕ? ಲೆಕ್ಕ ಎಲ್ಲಿಂದ ಶುರು ಮಾಡಿದರೂ ಮಾವ ಸೂರು ದಾಟಿಯೇ ಹೋಗುತ್ತಿದ್ದರು. ಮಾವನಿಗೆ ದಿನಕ್ಕೆ ಹದಿನಾಲ್ಕು ಸಿಗರೇಟು.

ಮನೆಗೆ ಫೋನು ಹಚ್ಚಿದ.

"ಏ, ಅಪ್ಪ ಏನು ಮಾಡ್ತಿದ್ದಾರೆ?"

"ಏನು ಮಾಡ್ತಾರೆ? ಕೂತಿದ್ದಾರೆ" ಎಂದಳು ಹೆಂಡತಿ.

"ಯಾತರ ಮೇಲೆ?"

"ನಿಮ್ಮ ಮೂಟೆ ಮೇಲೆ. ಬೆಳಿಗ್ಗೆಯಿಂದ ಎದ್ದೇ ಇಲ್ಲ. ಎದುರು ಮನೆ ಕಂಡಕ್ಟರೂ ಬಂದಿದ್ದಾರೆ. ಇಬ್ಬರೂ ಇಸ್ಪೀಟು ಹಾಕ್ಕೊಂಡು ಕೂತಿದ್ದಾರೆ. ಅಲ್ಲಾ ರೀ, ಮೂಟೆ ಹೊಲಿಗೆ ಒಂದು ಕಡೆ ಬಿಟ್ಟಿದೆ. ಅಪ್ಪ ಮಗ್ಗುಲು ಬದಲಾಯಿಸಿದಾಗೆಲ್ಲ ಬುಸ್ ಅಂತ ಪುಡಿ ಬರುತ್ತೆ."

"ಕಿಟಕಿ ತೆಗಿ! ಮೊದಲು ಕಿಟಕಿ ತೆಗಿ!"

"ತೆಗೆದ್ರೆ ಪುಡಿ ಹೋಗಿ ಪಕ್ಕದ ಮನೆ ರೇಡಿಯೊ ಅಕ್ಕ ಒಣಗಿ ಹಾಕಿರೋ ಬಟ್ಟೆ ಮೇಲೆ ಕೂರುತ್ತೆ. ಆಮೇಲೆ ಅವರ ಬಾಯಿಗೆ ಯಾರು ಬೀಳ್ತಾರೆ? ಎಲ್ಲಾ ಮುಚ್ಚಿದ್ದೀನಿ. ಸೆಕೆ ಅಂತ ಫ್ಯಾನ್ ಹಾಕಿದ್ದೀನಿ. ಅದರ ರೆಗ್ಯುಲೇಟರ್ ಒಂದು, ತಿರುಗಿಸಿದಾಗೆಲ್ಲ ಚಟಪಟ ಅಂತ..."

"ಅಪ್ಪನ್ನ ಎಬ್ಬಿಸು! ಮೆಲ್ಲಗೆ ಎಬ್ಬಿಸು! ಕುಲುಕಬಾರದು..."

ಅಷ್ಟರಲ್ಲಿ ಫೋನಿನ ಚಾರ್ಜು ಮುಗಿದು ಪರದೆ ಕಪ್ಪಾಯಿತು.

ಮೇಸ್ತ್ರಿ ಓಡಿಹೋಗಿ ಆಫೀಸರ ಮುಂದೆ ನಿಂತ. "ಸಾರ್, ಅರ್ಧ ದಿನ ರಜಾ ಬೇಕು. ನಮ್ಮ ಮಾವ..."

"ಏನಾಗಿದೆ?"

"ಕೂತಿದ್ದಾರೆ ಸಾರ್."

"ಕೂತಿದ್ರೆ ಒಳ್ಳೇದೇ ಅಲ್ವೇನಯ್ಯ?"

"ಇಲ್ಲ ಸಾರ್. ಯಾವ ಕ್ಷಣದಲ್ಲಾದ್ರೂ ಮೇಲೆ ಹೋಗೋ ಹಾಗಿದ್ದಾರೆ."

ಆಫೀಸರ ಮುಖ ಮೆತ್ತಗಾಯಿತು. "ಅಯ್ಯೋ ಪಾಪ. ಹೋಗು ಹೋಗು. ಕೊನೇ ಗಳಿಗೇಲಿ ಹತ್ತಿರ ಇರಬೇಕು" ಎಂದು ಬೆನ್ನು ತಟ್ಟಿದರು. ತಟ್ಟಿದ ಜಾಗದಿಂದ ಸಣ್ಣದೊಂದು ಧೂಳಿನ ಮೋಡ ಎದ್ದಿತು. ಮೇಸ್ತ್ರಿ ಕಿರುಚಿಕೊಂಡು ಹಿಂದಕ್ಕೆ ಹಾರಿದ. ದುಃಖದಲ್ಲಿದ್ದಾನೆ ಎಂದುಕೊಂಡರು ಆಫೀಸರು.

ಬಸ್ಸಿನಲ್ಲಿ ಅವನು ಕೂರಲಿಲ್ಲ. ಮೈಮೇಲಿನ ಬಟ್ಟೆಯ ಮಡಿಕೆ ಮಡಿಕೆಯಲ್ಲೂ ಹಿಟ್ಟಿತ್ತು. ಶರ್ಟು ಬೇರೆ ನೈಲಾನು ಬೆರೆತದ್ದು. ಎರಡೂ ಕೈಗಳನ್ನು ಮೈಗೆ ತಾಗದಂತೆ ಅಗಲಿಸಿಕೊಂಡು, ಒಣಹಾಕಿದ ಅಂಗಿಯ ಹಾಗೆ ಬಸ್ಸಿನ ನಡುವೆ ನಿಂತ. ಪಕ್ಕದಲ್ಲಿದ್ದ ಮುದುಕರೊಬ್ಬರು "ಕಂಕುಳಲ್ಲಿ ಕುರು ಆಗಿದೆಯೇನಪ್ಪ?" ಎಂದು ಕೇಳಿದರು. "ಹೌದು, ಮುಟ್ಟಬೇಡಿ, ಒಡೆಯುತ್ತೆ" ಎಂದ ಮೇಸ್ತ್ರಿ. ಆ ಮಾತಿಗೆ ಅವನ ಸುತ್ತ ಒಂದು ಮಾರು ಜಾಗ ಖಾಲಿಯಾಯಿತು. ಬಸ್ಸು ಪ್ರತಿ ಸಿಗ್ನಲ್ಲಿನಲ್ಲೂ ನಿಂತಿತು. ನಿಂತಾಗೆಲ್ಲ ಮಾವ ಮಗ್ಗುಲು ಬದಲಾಯಿಸುವುದು, ಬುಸ್ ಎನ್ನುವುದು, ಜೇಬಿಗೆ ಕೈ ಹಾಕುವುದು ಅವನ ಕಣ್ಣಿಗೆ ಕಟ್ಟಿತು. ಮನೆಯ ಕಡೆಯಿಂದ ಏನಾದರೂ ಸದ್ದು ಬಂದೀತೇ ಎಂದು ಕಿವಿ ನಿಮಿರಿಸಿದ. ಹಿಂದಿನ ಸೀಟಿನಲ್ಲಿ ಯಾರೋ ಚಿಪ್ಸಿನ ಪ್ಯಾಕೆಟ್ಟು ಒಡೆದರು. ಮೇಸ್ತ್ರಿ ಅಲ್ಲೇ ಕುಕ್ಕರಿಸಿ ತಲೆ ಮುಚ್ಚಿಕೊಂಡ.

ಬಸ್ಸಿಳಿದು ಓಡಿದ. ಮನೆ ಮೂರನೇ ಮಹಡಿಯಲ್ಲಿ. ಮೆಟ್ಟಿಲ ಬುಡದಲ್ಲೇ ರೇಡಿಯೊ ಅಕ್ಕ ನಿಂತಿದ್ದರು. ಆ ಕಟ್ಟಡದಲ್ಲಿ ಯಾರ ಮನೆಯ ಸುದ್ದಿಯಾದರೂ ಆ ಮನೆಯವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು, ಅವರಿಂದ ಊರಿಗೆ ಗೊತ್ತಾಗುತ್ತಿತ್ತು.

"ಏನು ಮೇಸ್ತ್ರಿಗಳೇ, ಹೊತ್ತಲ್ಲದ ಹೊತ್ತಲ್ಲಿ? ಮುಖ ಯಾಕೆ ಸುಣ್ಣ ಬಳಿದಂಗಿದೆ?"

"ಮಾವ..." ಎಂದ ಮೇಸ್ತ್ರಿ ಏದುಸಿರು ಬಿಡುತ್ತ. "ಮಾವ... ಮೇಲೆ..."

ಉಳಿದ ಮಾತಿಗೆ ಉಸಿರಿರಲಿಲ್ಲ. ಎರಡೆರಡು ಮೆಟ್ಟಿಲು ಹಾರಿಕೊಂಡು ಹೋದ. ರೇಡಿಯೊ ಅಕ್ಕನಿಗೆ ಅಷ್ಟು ಸಾಕಾಗಿತ್ತು. ಸೆರಗಿನಿಂದ ಬಾಯಿ ಮುಚ್ಚಿ ಒಂದು ಗಳಿಗೆ ನಿಂತರು. ಆಮೇಲೆ ಬಾಯಿ ಬಿಟ್ಟರು.

ಮೇಸ್ತ್ರಿ ಬಾಗಿಲನ್ನು ಒಂದು ಗೇಣಿನಷ್ಟೇ ಸರಿಸಿ ಒಳಗೆ ನುಸುಳಿದ. ರೂಮಿನಲ್ಲಿ ಕಿಟಕಿಯ ಸಂದಿಯಿಂದ ಒಂದೇ ಒಂದು ಬಿಸಿಲುಕೋಲು ಬಿದ್ದಿತ್ತು. ಆ ಬಿಸಿಲಿನಲ್ಲಿ ಹಿಟ್ಟು ಕುಣಿಯುತ್ತಿತ್ತು. ನೀಲಿ, ಹಳದಿ, ಬಿಳಿ ಕಣಗಳು, ಹಳೆಯ ಬಸ್ಸುಗಳ ಬಣ್ಣವನ್ನೆಲ್ಲ ಹೊತ್ತುಕೊಂಡು ಮೆಲ್ಲಗೆ ಸುತ್ತುತ್ತಿದ್ದವು. ನೋಡಲು ಚೆನ್ನಾಗಿಯೇ ಇತ್ತು.

ಮಾವ ಮೂಟೆಯ ಮೇಲೆ ಸಿಂಹಾಸನದಲ್ಲಿ ಕೂತಂತೆ ಕೂತಿದ್ದರು. ಒಂದು ಕೈಯಲ್ಲಿ ಇಸ್ಪೀಟು, ತುಟಿಯಲ್ಲಿ ಇನ್ನೂ ಹಚ್ಚದ ಸಿಗರೇಟು. ಎದುರಿಗೆ ಚಾಪೆಯ ಮೇಲೆ ನಿವೃತ್ತ ಕಂಡಕ್ಟರು ಬೆಂಕಿಪೊಟ್ಟಣ ಹಿಡಿದು ಕಡ್ಡಿ ಗೀರುತ್ತಿದ್ದರು.

ಗರ್ರ್. ಹತ್ತಲಿಲ್ಲ.

"ತೇವ ಆಗಿದೆ ಯಜಮಾನ್ರೇ" ಎಂದರು ಕಂಡಕ್ಟರು.

"ಇನ್ನೊಂದು ನೋಡಿ" ಎಂದರು ಮಾವ.

"ಬೇಡ!" ಎಂದ ಮೇಸ್ತ್ರಿ. ಜೋರಾಗಿ ಮಾತಾಡಿದರೂ ಹಿಟ್ಟು ಏಳುತ್ತದೆಂದು ಆ 'ಬೇಡ'ವನ್ನು ಪಿಸುಗುಟ್ಟಿದ್ದ. ಯಾರಿಗೂ ಕೇಳಿಸಲಿಲ್ಲ. ತುದಿಗಾಲಿನಲ್ಲಿ, ಮೊಟ್ಟೆಗಳ ಮೇಲೆ ನಡೆಯುವವನಂತೆ ಹತ್ತಿರ ಬಂದ. "ಮಾವ, ಸ್ವಲ್ಪ ಎದ್ದೇಳ್ತೀರಾ? ಮೆಲ್ಲಗೆ?"

"ಯಾಕೆ?"

"ಮೂಟೆ ಹೊಲಿಗೆ ಹಾಕಿಸಬೇಕು."

"ನಾಳೆ ಹಾಕ್ಸಿ. ಈಗ ತಾನೇ ಬೆನ್ನು ಒಂದು ಹದಕ್ಕೆ ಬಂದಿದೆ." ಅಷ್ಟು ಹೇಳಿ ಮಾವ ಬೆನ್ನನ್ನು ಇನ್ನಷ್ಟು ಹದಕ್ಕೆ ತರಲು ಮಗ್ಗುಲು ಹೊರಳಿದರು. ಬುಸ್!

ಗರ್ರ್, ಎಂದಿತು ಎರಡನೇ ಕಡ್ಡಿ. ಕಿಡಿ ಕಂಡಂತಾಗಿ ಮೇಸ್ತ್ರಿ ಕಣ್ಣು ಮುಚ್ಚಿದ. ತೆರೆದಾಗ ಎಲ್ಲರೂ ಇದ್ದಲ್ಲೇ ಇದ್ದರು.

"ಕಂಡಕ್ಟರ್ ಸಾರ್, ಆ ಪೊಟ್ಟಣ ಇಲ್ಲಿ ಕೊಡಿ. ಅಡುಗೆಮನೇಲಿ ಬೇಕಂತೆ."

"ಇರಪ್ಪ, ಯಜಮಾನ್ರದ್ದು ಒಂದು ಹಚ್ಚಿಬಿಡ್ತೀನಿ." ಮೂವತ್ತು ವರ್ಷ ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ಟು ಹರಿದ ಮನುಷ್ಯ, ಹಿಡಿದ ಕೆಲಸ ಬಿಡುವ ಪೈಕಿ ಅಲ್ಲ. ಮೂರನೇ ಕಡ್ಡಿ ತೆಗೆದರು.

ಅದೇ ಗಳಿಗೆಗೆ ಬಾಗಿಲು ಧಡಾರನೆ ತೆರೆದುಕೊಂಡಿತು. ರೇಡಿಯೊ ಅಕ್ಕ ಮುಂದೆ, ಕಟ್ಟಡದ ಹನ್ನೆರಡು ಮನೆಯವರು ಹಿಂದೆ. "ಅಯ್ಯೋ ದೊಡ್ಡವ್ರೇ! ನೆನ್ನೆ ತಾನೇ ಮಾತಾಡಿಸಿದ್ರಲ್ಲ! ಹೀಗೆ ಹೇಳದೆ ಕೇಳದೆ ಹೊರಟುಹೋದ್ರಾ!" ಎಂದು ಅಕ್ಕ ರಾಗ ಎಳೆಯುತ್ತ ಎದೆ ಬಡಿದುಕೊಂಡರು. ಹನ್ನೆರಡು ಮನೆಯ ಕಾಲುಗಳ ಜೊತೆ ಹೊರಗಿನ ಗಾಳಿಯೂ ಒಳಗೆ ನುಗ್ಗಿತು. ನೆಲದ ಮೇಲೆ ಮಲಗಿದ್ದ ಹಿಟ್ಟೆಲ್ಲ ಮೊಣಕಾಲೆತ್ತರಕ್ಕೆ ಎದ್ದು ನಿಂತಿತು.

ಮಾವ ಬೆಚ್ಚಿ ಅರ್ಧ ಎದ್ದರು. "ಯಾರು ಹೋದ್ರು?"

"ನೀವೇ!" ಎಂದು ಅತ್ತ ರೇಡಿಯೊ ಅಕ್ಕ, ತಲೆ ಎತ್ತಿ ಅವರನ್ನು ಕಂಡು ಚಿಟ್ಟನೆ ಚೀರಿದರು.

ಆ ಚೀರಾಟಕ್ಕೆ ಮಾವ ಜೀವ ಹೋದವರಂತೆ ಮೂಟೆಯ ಮೇಲೆ ಧೊಪ್ಪನೆ ಕುಸಿದರು. ಹೊಲಿಗೆ ಪರ್ರನೆ ಹರಿಯಿತು. ಸೂರಿನವರೆಗೂ ಹಿಟ್ಟು. ಆ ಮಸುಕಿನ ನಡುವೆ ಕಂಡಕ್ಟರ ದನಿ ಗೆಲುವಿನಿಂದ ಕೇಳಿಸಿತು: "ಹತ್ತಿತು!"

ಮೇಸ್ತ್ರಿ ಆಮೇಲೆ ಎಷ್ಟು ನೆನೆದುಕೊಂಡರೂ ಬಚ್ಚಲಿಗೆ ಹೇಗೆ ಹೋದ, ಹೇಗೆ ಬಂದ ಎಂಬುದು ಅವನಿಗೆ ತಿಳಿಯಲಿಲ್ಲ. ತುಂಬಿದ ಬಕೆಟ್ಟು ಕೈಯಲ್ಲಿತ್ತು, ಮರುಗಳಿಗೆ ಖಾಲಿಯಾಗಿತ್ತು. ಕಂಡಕ್ಟರು ಅಂಗೈ ಮರೆಯಲ್ಲಿ ಹಿಡಿದಿದ್ದ ಕಡ್ಡಿ, ಹಿಟ್ಟಿಗೆ ತಾಗುವ ಮೊದಲೇ, ಚುಂಯ್ ಎಂದು ಆರಿತು. ಇನ್ನೊಂದು ಬಕೆಟ್ಟು ತಂದು ಮೂಟೆಗೆ ಸುರಿದ. ಮೂರನೆಯದನ್ನು ಗಾಳಿಗೆ ಎರಚಿದ. ನಾಲ್ಕನೆಯದನ್ನು ತನ್ನ ತಲೆಯ ಮೇಲೇ ಹೊಯ್ದುಕೊಂಡು, ಖಾಲಿ ಬಕೆಟ್ಟಿನ ಮೇಲೆ ಕೂತುಬಿಟ್ಟ.

ಎಲ್ಲರೂ ನೀರಿಳಿಸಿಕೊಂಡು ನಿಂತಿದ್ದರು. ಮಾವನ ಮೂಗಿನ ತುದಿಯಿಂದ ಬಣ್ಣಬಣ್ಣದ ಹನಿ ತೊಟ್ಟಿಕ್ಕುತ್ತಿತ್ತು. ತುಟಿಯಲ್ಲಿದ್ದ ಸಿಗರೇಟು ಎರಡಾಗಿ ಮಡಚಿ ಗದ್ದಕ್ಕೆ ಅಂಟಿತ್ತು.

"ಹನ್ನೊಂದು ವರ್ಷ" ಎಂದರು ಅವರು ಕೊನೆಗೆ, ಬಹಳ ತಣ್ಣನೆಯ ದನಿಯಲ್ಲಿ. "ಹನ್ನೊಂದು ವರ್ಷದಿಂದ ಮನಸ್ಸಲ್ಲಿ ಇಟ್ಕೊಂಡಿದ್ದನ್ನ ಇವತ್ತು ಎರಚಿಬಿಟ್ರಿ, ಅಲ್ವೇ ಅಳಿಯಂದಿರೇ?"

"ಇಲ್ಲ ಮಾವ, ಹೊಲಿಗೆ ಹಾಕೋ ಮುಂಚೆ ನೆನೆಸಬೇಕು. ಈ ಫಾರಿನ್ ಪುಡಿ ಹಾಗೇ."

"ನನ್ನನ್ನೂ ನೆನೆಸಬೇಕಿತ್ತೇ?"

ರೇಡಿಯೊ ಅಕ್ಕ ಆಗಲೇ ಹೊರಗೆ ಪ್ಯಾಸೇಜಿನಲ್ಲಿ ಎರಡನೇ ವಾರ್ತೆ ಓದುತ್ತಿದ್ದರು: ದೊಡ್ಡವರು ಸತ್ತಿಲ್ಲ, ಅಳಿಯನ ತಲೆ ಕೆಟ್ಟಿದೆ.

ಹೆಂಡತಿ ಅವನ ತೋಳು ಹಿಡಿದು ಅಡುಗೆಮನೆಗೆ ಎಳೆದೊಯ್ದಳು. "ಏನ್ರೀ ಇದು? ನಿಜ ಹೇಳಿ."

ಅವನು ನಿಜ ಹೇಳಿದ. ಡಬ್ಬ, ಚಮಚ, ಮುಚ್ಚಳ, ಎಲ್ಲ.

ಹೆಂಡತಿ ಬಯ್ಯುತ್ತಾಳೆಂದುಕೊಂಡಿದ್ದ. ಅವಳು ಬಯ್ಯಲಿಲ್ಲ. ಉರಿಯುತ್ತಿದ್ದ ಒಲೆಯನ್ನು ಕಣ್ಣಂಚಿನಿಂದ ನೋಡಿ, ಕೈ ಚಾಚಿ ಮೆಲ್ಲಗೆ ಆರಿಸಿದಳು. "ಎರಡು ತಿಂಗಳಿಂದ ನಮ್ಮಪ್ಪನ್ನ ಅದರ ಮೇಲೆ ಕೂರಿಸಿದ್ರಿ" ಎಂದಳು. "ಪಕ್ಕದಲ್ಲೇ ಚಾಪೆ ಹಾಸಿ ನಾನೂ ಮಧ್ಯಾಹ್ನ ಮಲಗ್ತಿದ್ದೆ."

"ನಂಗೆ ಗೊತ್ತಿರಲಿಲ್ಲ ಕಣೇ. ಅವರಿಗೆ ಬೆನ್ನು ನೋವು ಅಂತ..."

"ಗೊತ್ತು. ಈಗ ಅದನ್ನ ತೆಗೊಂಡು ಹೋಗಿ. ಎಲ್ಲಿಂದ ತಂದ್ರೋ ಅಲ್ಲಿಗೇ ಕೊಟ್ಟು, ತಪ್ಪಾಯ್ತು ಅಂತ ಹೇಳಿ ಬನ್ನಿ. ಕೆಲಸ ಹೋದ್ರೂ ಹೋಗಲಿ." ಅವಳು ಹಳೇ ಬಟ್ಟೆಯೊಂದನ್ನು ಒದ್ದೆ ಮಾಡಿಕೊಂಡು ಸೂರಿನಿಂದ ಶುರು ಮಾಡಿ ಮೂಲೆ ಮೂಲೆ ಒರೆಸಲು ನಿಂತಳು.

ಒದ್ದೆ ಮೂಟೆ ಒಣ ಮೂಟೆಗಿಂತ ಎರಡು ಪಟ್ಟು ಭಾರ. ಹಳೇ ಕಬ್ಬಿಣ ಕೊಳ್ಳುವವನ ತಳ್ಳುಗಾಡಿ ಕೇಳಿ ತಂದು, ಅದರ ಮೇಲೆ ಹೇರಿ, ಒದ್ದೆ ಬೆಡ್‌ಶೀಟು ಹೊದಿಸಿ, ಪಕ್ಕದಲ್ಲಿ ಒಂದು ಕೊಡ ನೀರಿಟ್ಟುಕೊಂಡು ಮೇಸ್ತ್ರಿ ಹೊರಟ. ನಡುಮಧ್ಯಾಹ್ನದ ಬಿಸಿಲು. ಹತ್ತು ಹೆಜ್ಜೆಗೊಮ್ಮೆ ನಿಂತು ಮೂಟೆಗೆ ನೀರು ಚಿಮುಕಿಸುತ್ತಿದ್ದ. "ಒಳಗೆ ಏನಪ್ಪ, ಮೀನಾ?" ಎಂದು ಒಬ್ಬರು ಕೇಳಿದರು. "ಯಾರಿಗಾದ್ರೂ ಹುಷಾರಿಲ್ವಾ?" ಎಂದು ಇನ್ನೊಬ್ಬರು ಬೆಡ್‌ಶೀಟಿನ ಅಂಚು ಎತ್ತಲು ಬಂದರು. ಅವರ ಬಾಯಲ್ಲಿ ಸಿಗರೇಟಿತ್ತು. ಮೇಸ್ತ್ರಿ ಅವರ ಮುಖಕ್ಕೂ ನೀರು ಚಿಮುಕಿಸಿದ.

ತಿರುವಿನಲ್ಲಿ ಕಿಟಕಿ ಸರಳು ಮಾಡುವ ಅಂಗಡಿ. ರಸ್ತೆಯ ಅರ್ಧಕ್ಕೆ ಬಂದು ಕೂತು ಒಬ್ಬ ವೆಲ್ಡಿಂಗ್ ಮಾಡುತ್ತಿದ್ದ. ನೀಲಿ ಬೆಳಕು, ಕಿಡಿಗಳ ಮಳೆ. ಅದನ್ನು ದಾಟದೆ ವರ್ಕ್‌ಶಾಪಿಗೆ ಬೇರೆ ದಾರಿಯಿಲ್ಲ. ಕೊಡದಲ್ಲಿ ಉಳಿದ ನೀರನ್ನೆಲ್ಲ ಮೂಟೆಗೆ ಸುರಿದು, ಅದರ ಮೇಲೆ ತಾನೇ ಬೋರಲು ಬಿದ್ದು, ಕಾಲಿನಿಂದ ನೆಲ ಒದೆಯುತ್ತ ಗಾಡಿಯನ್ನು ಮುಂದೆ ದೂಡಿದ. ಒಂದು ಕಿಡಿ ಬಂದು ಅವನ ಒದ್ದೆ ಶರ್ಟಿನ ತೋಳಿನ ಮೇಲೆ ಕೂತು, ಚುಂಯ್ ಎಂದು, ಕಪ್ಪು ಚುಕ್ಕೆಯಾಯಿತು. ವೆಲ್ಡಿಂಗಿನವನು ಮುಖದ ಗುರಾಣಿ ಎತ್ತಿ, ಮಲಗಿಕೊಂಡು ಗಾಡಿ ಓಡಿಸುವ ಮನುಷ್ಯನನ್ನು ತಿರುವು ದಾಟುವವರೆಗೂ ನೋಡಿದ.

ಸೇಫ್ಟಿ ಆಫೀಸರ ಕೋಣೆಯ ಬಾಗಿಲಿಗೆ ಗಾಡಿ ಬಂದು ನಿಂತಾಗ ಅವರು ಕನ್ನಡಿಯ ಮುಂದೆ ಹೊಸ ಟೈ ಕಟ್ಟಿ ನೋಡುತ್ತಿದ್ದರು.

"ಏನಯ್ಯಾ? ಮಾವ ಹೋದ್ರಾ?" ಎಂದರು. ಆಮೇಲೆ ಗಾಡಿ, ಒದ್ದೆ ಬೆಡ್‌ಶೀಟು, ಅದರಡಿಯ ಗುಡ್ಡ ನೋಡಿ ಮೆಟ್ಟಿಬಿದ್ದರು. "ಇಲ್ಲಿಗೆ ಯಾಕೆ ತಂದೆ ಅವರನ್ನ?"

"ಇವರು ಅವರಲ್ಲ ಸಾರ್." ಮೇಸ್ತ್ರಿ ಬೆಡ್‌ಶೀಟು ಸರಿಸಿದ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನೆಲ್ಲ ಮರೆತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಎರಡು ತಿಂಗಳಿಂದ ದಿನಕ್ಕೊಂದು ಚೀಲ ಹಿಟ್ಟು ಒಯ್ದದ್ದು, ಮಾವನನ್ನು ಅದರ ಮೇಲೆ ಕೂರಿಸಿದ್ದು. "ಯಾರನ್ನೂ ಕೇಳದೆ ಒಯ್ದಿದ್ದು ತಪ್ಪು ಸಾರ್. ಕಳ್ಳತನ ಅಂತ ಬರೆದುಕೊಳ್ಳಿ. ಮೂಟೆ ವಾಪಸ್ ತಗೊಂಡುಬಿಡಿ, ಅಷ್ಟು ಸಾಕು."

ಆಫೀಸರು ಬಾಗಿಲಿಗೆ ಬಂದರು. ಹೊರಗೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಗಾಡಿಯನ್ನು ಒಳಗೆಳೆದು ಬಾಗಿಲು ಹಾಕಿ ಚಿಲಕ ಜಡಿದರು. ಪೊಲೀಸರಿಗೇ ಫೋನು ಮಾಡುತ್ತಾರೆ ಎಂದುಕೊಂಡ ಮೇಸ್ತ್ರಿ.

"ಯಾರಿಗಾದ್ರೂ ಹೇಳಿದ್ದೀಯಾ?" ಎಂದರು ಆಫೀಸರು ಸಣ್ಣ ದನಿಯಲ್ಲಿ.

"ಹೆಂಡತಿಗೆ ಮಾತ್ರ ಸಾರ್."

ಆಫೀಸರು ಕುರ್ಚಿಗೆ ಕುಸಿದು ಕೂತರು. ಅವರ ಮುಖದ ಬಣ್ಣವನ್ನೂ ಯಾರೋ ಸುಲಿದ ಹಾಗಿತ್ತು. ಗೋಡೆಯ ಮೇಲಿನ ದೊಡ್ಡ ಕಾಗದವೊಂದನ್ನು ಬೆರಳಿನಿಂದ ತೋರಿಸಿದರು. ಅದರಲ್ಲಿ ಕೆಂಪು ಗೆರೆಯೊಂದು ಎಡಗಡೆಯ ಮೂಲೆಯಿಂದ ಹೊರಟು ಜಾರುಬಂಡೆಯ ಹಾಗೆ ಕೆಳಗಿಳಿದಿತ್ತು.

"ನೋಡು. ಎರಡು ತಿಂಗಳ ಹಿಂದೆ ಧೂಳು ಹೀರೋ ಯಂತ್ರಕ್ಕೆ ಹೊಸ ಫಿಲ್ಟರ್ ಹಾಕಿಸ್ದೆ. ನಾನೇ ಯೋಚನೆ ಮಾಡಿದ್ದು. ಹಾಕಿದ ವಾರದಿಂದಲೇ ಡ್ರಮ್ಮಲ್ಲಿ ಧೂಳು ಅರ್ಧಕ್ಕರ್ಧ ಕಡಿಮೆ. ಧೂಳು ಹುಟ್ಟೋದೇ ಕಡಿಮೆ ಆಗಿದೆ ಅಂತ ಮೇಲಿನವರಿಗೆ ಬರೆದೆ. ನಾಳೆ ದೊಡ್ಡ ಸಾಹೇಬರು ಅದನ್ನ ನೋಡೋಕೆ ಬರ್ತಿದ್ದಾರೆ. ನನ್ನನ್ನ ಹೆಡ್ಡಾಫೀಸಿಗೆ ಕರೆಸ್ಕೊಳ್ಳೋ ಮಾತಿದೆ." ಅವರು ಟೈ ಸಡಿಲಿಸಿಕೊಂಡರು. "ಅಂದ್ರೆ ಧೂಳು ಕಡಿಮೆ ಆಗಿದ್ದು ನನ್ನ ಫಿಲ್ಟರಿನಿಂದ ಅಲ್ಲ. ನಿನ್ನ ಮಾವನಿಂದ."

"ಕ್ಷಮಿಸಿ ಸಾರ್. ನನ್ನ ಕೆಲಸ ಮಾತ್ರ ತೆಗೀಬೇಡಿ."

"ನಿನ್ನ ಕೆಲಸ ತೆಗೆಯೋದೇ? ನೀನು ಬಿಟ್ಟು ಹೋದ್ರೆ ನನ್ನ ಕೆಲಸ ಹೋಗುತ್ತಯ್ಯ!" ಆಫೀಸರು ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಈ ಮೂಟೆ ಇಲ್ಲಿರಬಾರದು. ನಾಳೆ ಅವರ ಕಣ್ಣಿಗೆ ಬಿದ್ರೆ ಮುಗೀತು. ಮನೆಗೆ ತಗೊಂಡು ಹೋಗು. ಮತ್ತೆ ದಿನಾ ಸಂಜೆ ಮಾಮೂಲಿನಂತೆ ಚೀಲ ತುಂಬಿಸ್ಕೊ. ಒಂದಲ್ಲ, ಎರಡು ಚೀಲ. ಗೆರೆ ಇನ್ನೂ ಕೆಳಗಿಳಿಯುತ್ತೆ ಅಂತಲೂ ಬರೆದುಬಿಟ್ಟಿದ್ದೀನಿ."

"ಸಾರ್... ಅದು ಸಿಡಿಯುತ್ತೆ. ನೀವೇ ಬೆಳಿಗ್ಗೆ ಹೇಳಿದ್ರಿ."

"ಹೇಳಿದೆ. ವರ್ಕ್‌ಶಾಪಿನ ಒಳಗೆ ಸಿಡಿಯಬಾರದು, ಅದಕ್ಕೆ ನಾನು ಜವಾಬ್ದಾರ. ನಿನ್ನ ಮನೆ ನನ್ನ ವ್ಯಾಪ್ತಿಗೆ ಬರಲ್ಲ." ಅವರು ಮೇಜಿನ ಡ್ರಾಯರ್ ಎಳೆದು, ಗೇಟು ದಾಟಲು ಬೇಕಾದ ಚೀಟಿಯ ಪುಸ್ತಕ ತೆಗೆದು ಬರೆಯತೊಡಗಿದರು. ಬರೆಯುತ್ತಲೇ ತಲೆ ಎತ್ತಿದರು. "ಆ ಫಿಲ್ಟರನ್ನ ಇನ್ನು ಐದು ವರ್ಕ್‌ಶಾಪಿಗೆ ಹಾಕ್ತಾರಂತೆ. ಯಾಕೆ ಕೇಳ್ತೀನಿ ಅಂದ್ರೆ, ನಿನ್ನ ಕಡೆ ಬೆನ್ನುನೋವಿನ ನೆಂಟರು ಇನ್ನೂ ಎಷ್ಟು ಜನ ಇದ್ದಾರೆ?"

ಸಹಿ ಹಾಕಿದ ಚೀಟಿಯನ್ನು ಕಾವಲುಗಾರ ಎರಡೆರಡು ಸಲ ಓದಿ, ಮೇಸ್ತ್ರಿಗೆ ಸಲಾಮು ಹೊಡೆದು ಗೇಟು ತೆರೆದ. ಮೇಸ್ತ್ರಿ ಗಾಡಿಯನ್ನು ರಸ್ತೆಗಿಳಿಸಿ, ಒಂದು ಕೈಯಲ್ಲಿ ಮೂಟೆ ಮುಟ್ಟಿ ನೋಡಿದ. ಬಿಸಿಲು ಜೋರಾಗಿತ್ತು. ಮೇಲ್ಗಡೆ ಆಗಲೇ ಒಣಗಿತ್ತು.